ಹಿಂದಕ್ಕೆ ನಾಲ್ಕು ಗೇರು, ಮುಂದಕ್ಕೆ ಒಂದು

ಬಗ್ಗಬಾರದು, ಭಾರ ಎತ್ತಬಾರದು, ಉಸಿರು ಕಟ್ಟಿ ಯಾವುದನ್ನೂ ತಿರುಗಿಸಬಾರದು ಎಂದು ಮಣಿಪಾಲದ ಕಣ್ಣಿನ ಡಾಕ್ಟರರು ನನ್ನ ಗಂಡನಿಗೆ ಹೇಳಿದ ದಿನದಿಂದ, ಆ ಲಾರಿಯ ಅಡಿಯಲ್ಲಿ ಮಲಗುವ ಕೆಲಸ ನನ್ನದಾಯಿತು. ಸಕ್ಕರೆ ಕಾಯಿಲೆ ಅವರ ಬಲಗಣ್ಣನ್ನು ಆಗಲೇ ತೆಗೆದುಕೊಂಡಿತ್ತು. ಎಡಗಣ್ಣಿನ ಒಳಗೆ ರಕ್ತನಾಳಗಳು ಸವೆದಿವೆ, ಒತ್ತಡ ಬಿದ್ದರೆ ಒಡೆಯುತ್ತವೆ, ಒಡೆಯದಿದ್ದರೂ ಮುಂದಿನ ಮಳೆಗಾಲ ದಾಟುವುದು ಕಷ್ಟ ಎಂದರು. ಇವರು ಕೇಳಿದ್ದು ಒಂದೇ ಪ್ರಶ್ನೆ.

"ಅಷ್ಟರ ಒಳಗೆ ಲಾರಿ ಬಿಡಬಹುದಾ?"

ಡಾಕ್ಟರರು ನನ್ನ ಮುಖ ನೋಡಿದರು. ತಮಾಷೆ ಎಂದುಕೊಂಡಿರಬೇಕು.

ಲಾರಿ ನನ್ನ ಮಾವನದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಉದ್ದ ಮೂಗಿನ ಪೆಟ್ರೋಲ್ ಲಾರಿ. ಮಾವ ಅದರಲ್ಲಿ ಅಜೆಕಾರು ಕಡೆಯಿಂದ ಸೌದೆ ತರುತ್ತಿದ್ದರಂತೆ. ಬದುಕಿದ್ದಷ್ಟು ಕಾಲ ಮಗನಿಗೆ ಸ್ಟೇರಿಂಗ್ ಮುಟ್ಟಲು ಬಿಡಲಿಲ್ಲ. "ನಿನ್ನ ಕೈಗೆ ಪೆನ್ನೇ ಜಾಸ್ತಿ" ಎಂದು ನಾಲ್ಕು ಜನರ ಎದುರು ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಅದು ಕಾಪುವಿನ ಮೂಡು ಬದಿಯ ನಮ್ಮ ಮನೆಯ ಅಂಗಳದಲ್ಲಿ, ತಗಡಿನ ಮಾಡಿನ ಅಡಿಯಲ್ಲಿ ನಿಂತೇ ಹೋಯಿತು. ಕೋಳಿಗಳು ಡ್ರೈವರ್ ಸೀಟಿನಲ್ಲಿ ಮೊಟ್ಟೆ ಇಡುತ್ತಿದ್ದವು. ಉಡುಪಿಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಇವರಿಗೆ ಭಾನುವಾರ ಬಂತೆಂದರೆ ಅದನ್ನು ಬಿಚ್ಚುವ ಹುಚ್ಚು. ದೊಡ್ಡ ಗಾಡಿಯ ಲೈಸೆನ್ಸನ್ನೂ ಮಾಡಿಸಿ ಇಟ್ಟಿದ್ದರು. ಬೇರೆಯವರ ಗಂಡಂದಿರು ಇಸ್ಪೀಟು ಆಡುತ್ತಾರೆ, ಕುಡಿಯುತ್ತಾರೆ, ಇವರು ನಟ್ಟು ಬೋಲ್ಟು ಆಡುತ್ತಾರೆ, ದೇವರು ನನ್ನ ಮೇಲೆ ಇಷ್ಟು ಕೃಪೆ ಇಟ್ಟಿದ್ದಾನಲ್ಲ ಎಂದು ನಾನು ಸುಮ್ಮನಿದ್ದೆ. ಈಗ, ಕಣ್ಣು ಪೂರ್ತಿ ಹೋಗುವ ಮೊದಲು, ಆ ಲಾರಿಯನ್ನು ಒಮ್ಮೆ ತಾನೇ ಬಿಟ್ಟುಕೊಂಡು, ರಸ್ತೆಯನ್ನು ತನ್ನ ಕಣ್ಣಿನಲ್ಲಿ ನೋಡುತ್ತಾ, ಕಾಪುವಿನ ದೀಪಸ್ತಂಭದವರೆಗೆ ಹೋಗಬೇಕು. ಅಷ್ಟೇ ಅವರಿಗೆ ಬೇಕಾದದ್ದು. ಆಸೆ ಅವರದು, ಕೈ ನನ್ನದು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು.

ಪೆಟ್ರೋಲ್ ಎಂಜಿನ್ ತುಕ್ಕು ಹಿಡಿದು ಒಂದೇ ಗಟ್ಟಿಯಾಗಿತ್ತು. ಅದನ್ನು ತೆಗೆದು ಡೀಸೆಲ್ ಎಂಜಿನ್ ಕೂರಿಸುವುದೆಂದು ಇವರು ಮೊದಲೇ ತೀರ್ಮಾನಿಸಿದ್ದರು. ಕಾರ್ಕಳದ ಹತ್ತಿರ ಮಗುಚಿ ಬಿದ್ದ ಲಾರಿಯೊಂದರ ಎಂಜಿನನ್ನು ಗುಜರಿ ವ್ಯಾಪಾರದ ಬ್ಯಾರಿಯವರು ತಂದು ಅಂಗಳದಲ್ಲಿ ಇಳಿಸಿದರು. ಬಾಯಿ ತುಂಬ ಎಲೆ ಅಡಿಕೆ, ಮಾತು ತುಂಬ ನಗೆ. ನಮ್ಮ ಲಾರಿಯನ್ನೇ ಗುಜರಿಗೆ ಎತ್ತಬೇಕೆಂದು ಅವರು ವರ್ಷಗಳಿಂದ ಕಾಯುತ್ತಿದ್ದರು. ಅದನ್ನು ಮುಚ್ಚಿಡುವವರೂ ಅಲ್ಲ.

"ಅಕ್ಕ, ಇದನ್ನು ಕೂರಿಸುವವರು ಯಾರು? ಅಣ್ಣನಿಗೆ ಬಗ್ಗಲಿಕ್ಕಿಲ್ಲ ಅಂತ ಆಯ್ತಲ್ಲ."

"ನಾನು" ಎಂದೆ.

"ಹಾಗಾದ್ರೆ ನಾನು ಅವಸರ ಮಾಡುವುದಿಲ್ಲ. ಮುಂದಿನ ತಿಂಗಳು ಎರಡನ್ನೂ ಒಟ್ಟಿಗೇ ತಕೊಂಡು ಹೋಗ್ತೇನೆ."

ಇವರು ನಗಲಿಲ್ಲ. ನನ್ನ ಕಡೆ ತಿರುಗಿ, "ಕೇಳಿತಲ್ಲ? ಇನ್ನು ನಿನ್ನ ಪೂಜೆ ಪುನಸ್ಕಾರ ಸೂರ್ಯ ಹುಟ್ಟುವ ಮೊದಲೇ ಮುಗಿಸು" ಎಂದರು.

ಹಾಗೆಯೇ ಮಾಡಿದೆ. ದೇವರಿಗೆ ದೀಪ ಹಚ್ಚಿ, ಗಂಜಿ ಇಳಿಸಿ, ಇವರ ಹಳೆಯ ಅಂಗಿಯೊಂದನ್ನು ಸೀರೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದೆ. ಇವರು ಒಂದು ಸ್ಟೂಲಿನಲ್ಲಿ ಕೂತು ಹೇಳುವುದು, ನಾನು ಮಾಡುವುದು. ಮೊದಲು ಬಿಚ್ಚಿದ ಒಂದೊಂದು ಭಾಗವನ್ನೂ ಸೀಮೆಎಣ್ಣೆಯಲ್ಲಿ ಮುಳುಗಿಸಿ ತೆಂಗಿನ ನಾರಿನಲ್ಲಿ ಉಜ್ಜುವುದು. ಕೈಯ ಚರ್ಮ ಬಿರಿದು, ಮೆಣಸು ಅರೆಯುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಅತ್ತೆ ಊಟದ ತಟ್ಟೆ ದೂಡಿದರು.

"ಅನ್ನವಾ ಇದು? ಸ್ಟವ್ವಿಗೆ ಹಾಕಿದ್ರೆ ಉರಿದೀತು. ನಮ್ಮ ಕಾಲದಲ್ಲಿ ಹೆಂಗಸರು ಒಲೆಯ ಎದುರು ಸಾಯ್ತಿದ್ರು. ಇವಳು ಲಾರಿಯ ಅಡಿಯಲ್ಲಿ ಸಾಯ್ಲಿಕ್ಕೆ ಹೊರಟಿದ್ದಾಳೆ. ಸಾಯ್ಲಿ, ಒಲೆಯಾದ್ರೂ ಖಾಲಿಯಾಗ್ತದೆ."

ವಾಲ್ವು ಅರೆಯುವ ಕೆಲಸ ಮಾತ್ರ ನನಗೆ ಬೇಗ ಹಿಡಿಯಿತು. ಎಂಜಿನಿನ ಹೆಡ್ಡಿನೊಳಗೆ ವಾಲ್ವು ಕೂರುವ ಜಾಗಕ್ಕೆ ಒರಟು ಪೇಸ್ಟ್ ಹಚ್ಚಿ, ರಬ್ಬರ್ ಅಂಟಿಸಿದ ಕೋಲಿನಿಂದ ವಾಲ್ವನ್ನು ಎರಡು ಅಂಗೈಗಳ ನಡುವೆ ಅತ್ತ ಇತ್ತ ತಿರುಗಿಸಬೇಕು. ಕಡೆಗೋಲಿನ ಕೆಲಸವೇ. ಆದರೆ ಮಜ್ಜಿಗೆಯಾದರೆ ಬೆಣ್ಣೆ ತೇಲಿ ನಿಲ್ಲಿಸು ಎನ್ನುತ್ತದೆ, ಇದು ಎಂತದೂ ಹೇಳುವುದಿಲ್ಲ. ಅರೆದ ಮೇಲೆ ಸೀಮೆಎಣ್ಣೆ ಹೊಯ್ದು ನೋಡಬೇಕು. ಸೋರಿದರೆ ಮತ್ತೆ ಅರೆಯಬೇಕು. ಸೋರಿತು. ಮತ್ತೆ ಅರೆದೆ. ಮತ್ತೆ ಸೋರಿತು. ಇವರು ಕಣ್ಣು ಮುಚ್ಚಿ, ಕೋಲು ತಿರುಗುವ ಸದ್ದನ್ನು ಕೇಳುತ್ತಾ ಕೂತಿದ್ದರು.

"ಎಂತ, ತೊಟ್ಟಿಲು ತೂಗ್ತಾ ಇದ್ದೀಯಾ? ಎಡಗೈ ಸೋಮಾರಿಯಾಗಿದೆ. ಒತ್ತು."

ಒತ್ತಿದೆ. ಕೊನೆಗೆ ಸೀಮೆಎಣ್ಣೆ ನಿಂತಿತು. ಒಂದು ಹನಿಯೂ ಜಾರಲಿಲ್ಲ. ನಾನು ಒಳಗೆ ಹೋಗಿ ದೇವರ ಎದುರು ಒಂದು ಬತ್ತಿ ಹೆಚ್ಚಿಗೆ ಹಚ್ಚಿದೆ. ಮರಳಿ ಬಂದರೆ ಇವರು, "ಒಂದು ವಾಲ್ವಿಗೆ ಒಂದು ಬತ್ತಿಯಾ? ಇನ್ನು ಎಷ್ಟು ಉಂಟು ಗೊತ್ತುಂಟಾ? ದೇವರು ಬೆವರುತ್ತಾನೆ" ಎಂದರು. ನಗೆ ಬಂತು, ತಡೆದುಕೊಂಡೆ.

ಎಂಜಿನನ್ನು ಕಪ್ಪಿ ಕಟ್ಟಿ ಇಳಿಸುವ ದಿನ ಬ್ಯಾರಿಯವರ ಇಬ್ಬರು ಆಳುಗಳು ಬಂದಿದ್ದರು. ಹೊಸ ಎಂಜಿನಿಗೆ ಲಾರಿಯ ಅಡಿ ಚೌಕಟ್ಟಾದ ಹಳೆಯ ಚಾಸಿಯ ತೂತುಗಳು ಹೊಂದುವುದಿಲ್ಲವಾದ್ದರಿಂದ ಕಬ್ಬಿಣದ ದಪ್ಪ ಪಟ್ಟಿಗಳನ್ನು ಬಗ್ಗಿಸಿ ಕಾಲು ಮಾಡಿಸಿದ್ದೆವು. ಎಂಜಿನ್ ತೂಗುತ್ತಿರುವಾಗ ಕಾಲಿನ ತೂತೂ ಚಾಸಿಯ ತೂತೂ ಒಂದೇ ಗೆರೆಗೆ ಬಂದ ಕ್ಷಣದಲ್ಲಿ ನಾನು ಕೆಳಗಿನಿಂದ ಬೋಲ್ಟ್ ತೂರಿಸಬೇಕು. ತೂರಿಸಿದೆ. ಹಗ್ಗ ಒಂದಿಷ್ಟು ಜಾರಿತು. ನನ್ನ ಎಡಗೈಯ ಕಿರುಬೆರಳಿನ ತುದಿ ಪಟ್ಟಿಗೂ ಚಾಸಿಗೂ ನಡುವೆ ಸಿಕ್ಕಿಕೊಂಡಿತು. ಕಿರುಚಿದೆನೋ ಇಲ್ಲವೋ ನನಗೆ ನೆನಪಿಲ್ಲ. ಇವರ ಸ್ವರ ಮಾತ್ರ ನೆನಪುಂಟು.

"ಬೋಲ್ಟ್ ಒಳಗೆ ಹೋಯ್ತಾ?"

"ಹೋಯ್ತು."

"ಹಾಗಾದ್ರೆ ಎತ್ತಿ, ಅವಳ ಕೈ ಬಿಡಿಸಿ."

ಬೆರಳಿನ ತುದಿ ಉಳಿಯಲಿಲ್ಲ. ಅತ್ತೆ ಅರಶಿನ ಅರೆದು ಕಟ್ಟಿದರು, ಕಟ್ಟುತ್ತಾ ಬೈದರು, ಬೈಯುತ್ತಾ ಬೇಕೆಂದೇ ಬಿಗಿ ಮಾಡಿದರು. ಬಲಗೈ ಆಗಿರಲಿಲ್ಲವಲ್ಲ, ಆರತಿ ಎತ್ತುವ ಕೈಯನ್ನು ದೇವರು ಉಳಿಸಿದನಲ್ಲ ಎಂದು ಆ ರಾತ್ರಿ ನೆನೆದುಕೊಂಡೆ. ನಾಲ್ಕು ದಿನ ಕೆಲಸ ನಿಂತಿತು. ಆ ನಾಲ್ಕು ದಿನ ಇವರು ನನ್ನೊಂದಿಗೆ ಮಾತಾಡಲಿಲ್ಲ.

ಎಂಜಿನಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಉದ್ದದ ಶಾಫ್ಟನ್ನು ಉಡುಪಿಯ ಲೇತಿನಲ್ಲಿ ಕತ್ತರಿಸಿ ಮರುಜೋಡಿಸಿ ತಂದೆವು. ಚಾಸಿಗೆ ತುಕ್ಕು ಹತ್ತದಂತೆ ಬೂತಾಯಿ ಮೀನಿನ ಎಣ್ಣೆ ಬಳಿಯಬೇಕೆಂದರು. ಕಾಪುವಿನ ದೋಣಿಗಳಿಗೆ ಬಳಿಯುವ ಎಣ್ಣೆ ಅದು. ಶುಕ್ರವಾರ ಬಳಿಯುವುದಿಲ್ಲ ಎಂದೆ. "ತುಕ್ಕಿಗೆ ಶುಕ್ರವಾರ ಗೊತ್ತಿಲ್ಲ" ಎಂದರು. ಶನಿವಾರ ಬಳಿದೆ. ಊರಿನ ಬೆಕ್ಕುಗಳೆಲ್ಲ ಲಾರಿಯ ಸುತ್ತ ಬಂದು ಕೂತು, ನನ್ನನ್ನೇ ದೊಡ್ಡ ಮೀನು ಎಂಬಂತೆ ನೋಡುತ್ತಿದ್ದವು.

ಕೊನೆಗೆ ಉಳಿದದ್ದು ಹಿಂದಿನ ಆಕ್ಸಲು. ಅದರ ನಡುವೆ ಕೊಡದ ಹಾಗೆ ಉಬ್ಬಿದ ಡಬ್ಬ ಉಂಟಲ್ಲ, ಅದರೊಳಗೆ ಎರಡು ಹಲ್ಲುಚಕ್ರಗಳು. ಶಾಫ್ಟಿನ ತುದಿಯಲ್ಲಿ ಸಣ್ಣದು, ಪಿನಿಯನ್. ಅದಕ್ಕೆ ಅಡ್ಡವಾಗಿ ಹಲ್ಲು ಕೊಡುವ ದೊಡ್ಡದು, ಕ್ರೌನ್ ವೀಲ್. ಎಂಜಿನಿನ ತಿರುಗುವಿಕೆಯನ್ನು ಚಕ್ರಗಳಿಗೆ ಕೊಡುವುದು ಈ ಜೋಡಿ. ಬೇರಿಂಗ್ ಸವೆದಿತ್ತೆಂದು ಎಲ್ಲವನ್ನೂ ಬಿಚ್ಚಿ, ಹೊಸ ಬೇರಿಂಗ್ ಹಾಕಿ ಮತ್ತೆ ಜೋಡಿಸಬೇಕಿತ್ತು. ಅಷ್ಟರಲ್ಲಿ ಇವರ ಎಡಗಣ್ಣಿನ ಮುಂದೆ ಕೂದಲಿನಂಥ ಕೆಂಪು ಎಳೆಗಳು ತೇಲಲು ಸುರುವಾಗಿದ್ದವು. ಡಬ್ಬದ ಒಳಗಿನ ಕತ್ತಲೆ ಅವರಿಗೆ ಕಾಣುತ್ತಿರಲಿಲ್ಲ. ಲಾರಿಯ ಹಿಂದೆ ಸ್ಟೂಲ್ ಹಾಕಿ, ಮುಖ ಲಾರಿಯ ಕಡೆ ಮಾಡಿ ಕೂತರು.

ನಾನು ಅಡಿಗೆ ಹೋಗಿ ಮಲಗಿದೆ. ಲಾರಿಯ ಮೂಗು ತೆಂಕು ದಿಕ್ಕಿಗಿತ್ತು. ತಲೆಯನ್ನು ಹಿಂದಿನ ಚಕ್ರಗಳ ಕಡೆ ಹಾಕಿದರೆ ಉತ್ತರಕ್ಕೆ ತಲೆ ಹಾಕಿದಂತೆ. ಹೆಣವನ್ನು ಹಾಗೆ ಮಲಗಿಸುತ್ತಾರೆ, ಬದುಕಿದ ಮುತ್ತೈದೆ ಹಾಗೆ ಮಲಗುವುದಿಲ್ಲ. ಮೊದಲ ದಿನವೇ ಅತ್ತೆ ಅದನ್ನು ನೋಡಿ ಕೂಗಾಡಿದ್ದರು. ಅದಕ್ಕೇ ಲಾರಿಯ ಅಡಿಯಲ್ಲಿ ನಾನು ಯಾವಾಗಲೂ ತಲೆ ತೆಂಕಕ್ಕೆ, ಕಾಲು ಬಡಗಕ್ಕೆ ಮಾಡಿಯೇ ಮಲಗುತ್ತಿದ್ದೆ.

"ಕ್ರೌನ್ ಎಡಗಡೆ ಬರಬೇಕು" ಎಂದರು.

ನನ್ನ ಎಡಗಡೆಗೆ ಕೂರಿಸಿದೆ. ಹಲ್ಲು ಹಲ್ಲಿಗೆ ಸರಿಯಾಗಿ ಹೊಂದಿತು. ಬೆರಳು ಹಾಕಿ ಅಲುಗಾಡಿಸಿದರೆ ಎಷ್ಟು ಬೇಕೋ ಅಷ್ಟೇ ಸಡಿಲ. "ಟಕ್ ಅಂತ ಕೇಳಿತು. ಒಳ್ಳೆ ಕೂತಿದೆ" ಎಂದರು. ಅಷ್ಟು ತಿಂಗಳಲ್ಲಿ ಅವರ ಬಾಯಿಂದ ಬಂದ ಒಳ್ಳೆಯ ಮಾತು ಅದೊಂದೇ. ನಾನು ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಎಲ್ಲ ಬೋಲ್ಟುಗಳನ್ನು ಬಿಗಿದೆ.

ಲಾರಿ ಹೊರಡಿಸುವ ದಿನ ಬೆಳಿಗ್ಗೆ ಚಕ್ರಗಳ ಅಡಿಗೆ ನಿಂಬೆಹಣ್ಣು ಇಟ್ಟೆ, ಮೂಗಿಗೆ ಕುಂಕುಮ ಹಚ್ಚಿದೆ. ನೆರೆಯವರು ಬಂದರು. ಬ್ಯಾರಿಯವರು ಬಂದರು. ಎಂಜಿನ್ ಎರಡು ಸಲ ಕೆಮ್ಮಿ ಹಿಡಿಯಿತು. ಇಡೀ ಅಂಗಳ ನಡುಗಿತು. ಇವರು ಸ್ಟೇರಿಂಗಿನ ಎದುರು ಕೂತು ಮೀಸೆ ಒರೆಸಿಕೊಂಡರು. ನನ್ನ ಮದುವೆಯ ದಿನವೂ ಆ ಮುಖ ಅಷ್ಟು ಚಂದ ಇರಲಿಲ್ಲ. ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟರು.

ಲಾರಿ ಹಿಂದಕ್ಕೆ ಹೋಯಿತು.

ಗಾಬರಿಯಲ್ಲಿ ಇನ್ನಷ್ಟು ಆಕ್ಸಿಲರೇಟರ್ ಒತ್ತಿದರು. ಇನ್ನಷ್ಟು ಹಿಂದಕ್ಕೆ ಹೋಯಿತು. ಬಚ್ಚಲುಮನೆಯ ಗೋಡೆ ಬಿದ್ದು, ನೀರು ಕಾಯಿಸುವ ಹಂಡೆ ಅಪ್ಪಚ್ಚಿಯಾಗಿ, ಒಲೆಯ ಬೂದಿ ಎಲ್ಲರ ಮೇಲೆ ಹಾರಿತು. ಅತ್ತೆ ಸ್ನಾನಕ್ಕೆಂದು ಹೆಗಲಿಗೆ ಬೈರಾಸು ಹಾಕಿಕೊಂಡು ಜಗಲಿಯಿಂದ ಇಳಿಯುತ್ತಿದ್ದರು. ಇನ್ನೊಂದು ನಿಮಿಷ ಮುಂಚೆ ಇಳಿದಿದ್ದರೆ ಒಳಗಿರುತ್ತಿದ್ದರು. ಆ ಒಂದು ನಿಮಿಷ ಯಾರು ಕೊಟ್ಟದ್ದೆಂದು ನನಗೆ ಗೊತ್ತು, ಅತ್ತೆಗೆ ಗೊತ್ತಾಗಲಿಲ್ಲ. ಅವರು ಸೀದಾ ನನ್ನ ಕೂದಲಿಗೆ ಕೈ ಹಾಕಿದರು.

ಬ್ಯಾರಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಅಣ್ಣ, ರಿವರ್ಸ್ ಹಾಕಿ ನೋಡಿ ಮಾರಾಯ್ರೆ, ಮುಂದೆ ಹೋದೀತು!"

ಹಾಕಿ ನೋಡಿದರು. ಮುಂದೆ ಬಂತು. ನಿಧಾನಕ್ಕೆ, ಕೊರಳು ಹಿಸುಕಿದಂತೆ ಕೂಗುತ್ತಾ ಬಂತು. ಇವರಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಂಜಿನ್ ನಿಲ್ಲಿಸಿ ಇಳಿದರು.

"ಕ್ರೌನ್ ಯಾವ ಬದಿಗೆ ಹಾಕಿದ್ದಿ?"

"ನೀವು ಹೇಳಿದ ಹಾಗೆ, ಎಡಕ್ಕೆ."

"ಯಾರ ಎಡಕ್ಕೆ?"

ನಾನು ಕಾಲು ಬಡಗಕ್ಕೆ ಮಾಡಿ ಮಲಗಿದ್ದೆ ಎಂದೆ. ನನ್ನ ಎಡ ಲಾರಿಯ ಬಲವಾಗಿತ್ತು, ಕ್ರೌನ್ ಆಚೆ ಬದಿಗೆ ಕೂತು ಚಕ್ರಗಳು ಉಲ್ಟಾ ತಿರುಗುತ್ತಿದ್ದವು. ಅಷ್ಟು ಜನರ ಎದುರು ಇವರು ನನ್ನ ಕೆನ್ನೆಗೆ ಹೊಡೆದರು. ಒಂದು ಕಣ್ಣಿನ ಅಂದಾಜು ತಪ್ಪಿ ಪೆಟ್ಟು ಕಿವಿಗೆ ಬಿತ್ತು. ಜೋರಾಗಿ ಬೀಳಲಿಲ್ಲ, ಅದೂ ಒಂದು ಪುಣ್ಯ.

ಎರಡು ಚಕ್ರಗಳನ್ನೂ ಆಕ್ಸಲನ್ನೂ ಮತ್ತೆ ಬಿಚ್ಚಿ, ಕ್ರೌನನ್ನು ಆ ಬದಿಗೆ ಹಾಕಿ ಜೋಡಿಸಲು ನನ್ನೊಬ್ಬಳ ಕೈಗೆ ಮೂರು ವಾರ ಬೇಕು. ಅದು ಇಬ್ಬರಿಗೂ ಗೊತ್ತಿತ್ತು. ಮರುದಿನ ಮಣಿಪಾಲಕ್ಕೆ ಹೋದೆವು. ಡಾಕ್ಟರರು ಬೆಳಕು ಬಿಟ್ಟು ಬಹಳ ಹೊತ್ತು ನೋಡಿ, ಇನ್ನು ದಿನಗಳ ಲೆಕ್ಕ, ವಾರಗಳದ್ದಲ್ಲ ಎಂದರು. ವಾಪಸು ಬರುವ ಬಸ್ಸಿನಲ್ಲಿ ಇವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಪಕ್ಕದ ಸೀಟಿನ ಮಗು ಅವರನ್ನೇ ನೋಡುತ್ತಿತ್ತು. ಅವರು ಅಳುತ್ತಿದ್ದಾರೆಂದು ನನಗೆ ಗೊತ್ತಾದದ್ದು ಆ ಮಗುವಿನ ಮುಖದಿಂದ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದೆ. "ರಿವರ್ಸಿನಲ್ಲಿ ಮುಂದೆ ಹೋಗ್ತದಲ್ಲ. ಹಾಗೇ ಹೋಗುವ. ನಾಳೆಯೇ."

"ದೀಪಸ್ತಂಭದವರೆಗೆ? ರಿವರ್ಸ್ ಗೇರಿನಲ್ಲಿ? ಎಮ್ಮೆ ನಮ್ಮನ್ನು ಓವರ್‌ಟೇಕ್ ಮಾಡ್ತದೆ. ಇಡೀ ಕಾಪು ನಗ್ತದೆ."

"ನಗಲಿ. ನಿಧಾನ ಹೋದರೆ ಯಾರೂ ಸಾಯುವುದಿಲ್ಲ. ಆದರೆ ನಾನು ಮುಂದೆ ನಡೆಯುತ್ತೇನೆ. ನಾನು ಕೈ ಎತ್ತಿದರೆ ನೀವು ಬ್ರೇಕ್ ಹಾಕಬೇಕು. ಅದಕ್ಕೆ ಒಪ್ಪುವುದಾದರೆ ಮಾತ್ರ."

"ಮುಂದೆ ನೀನು, ಹಿಂದೆ ನಾನು. ಹೆಣ ಎತ್ತಿದ ಹಾಗೆ."

"ಒಪ್ಪದಿದ್ದರೆ ಡೀಸೆಲ್ ಪೈಪ್ ಬಿಚ್ಚಿ ಬಾವಿಗೆ ಹಾಕುತ್ತೇನೆ. ಬಿಚ್ಚಲು ನನಗೇ ಗೊತ್ತಿರುವುದು."

ಮದುವೆಯಾದ ಮೇಲೆ ನಾನು ಅವರಿಗೆ ಷರತ್ತು ಹಾಕಿದ್ದು ಅದೇ ಮೊದಲು. ಅವರು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾ, "ಬೆಳಿಗ್ಗೆ ಬೇಗ ಎಬ್ಬಿಸು" ಎಂದರು.

ಹೊರಟೆವು. ಗೇಟು ದಾಟಿದಾಗ ಕಾಪುವಿನ ಮಾರಿಯಮ್ಮನಿಗೆ ಕೈಮುಗಿದೆ. ಹಿಂದಿನಿಂದ ಲಾರಿ ಕೂಗುತ್ತಾ ಬರುತ್ತಿತ್ತು, ನಾನು ರಸ್ತೆಯ ನಡುವೆ ನಡೆಯುತ್ತಿದ್ದೆ. ರೇಡಿಯೇಟರಿನ ಬಿಸಿ ಬೆನ್ನಿಗೆ ತಾಗುತ್ತಿತ್ತು. ಆ ಗೇರಿನಲ್ಲಿ ಎಂಜಿನ್ ಜೋರಾಗಿ ಓಡುತ್ತದೆ, ಲಾರಿ ಓಡುವುದಿಲ್ಲ, ಗಾಳಿ ಸಿಗದೆ ನೀರು ಕುದಿಯುತ್ತದೆ. ಎರಡು ಕಡೆ ನಿಲ್ಲಿಸಿ, ರಸ್ತೆ ಬದಿಯ ಮನೆಯವರ ಬಾವಿಯಿಂದ ನೀರು ಸೇದಿ ಹೊಯ್ದೆ. ಹಿಂದಿನ ಡಬ್ಬದ ಮೇಲೆ ಕೈ ಇಟ್ಟು ನೋಡಿದೆ, ಇಡಲಿಕ್ಕಾಗದಷ್ಟು ಸುಡುತ್ತಿತ್ತು. ನೀರು ಕೊಟ್ಟ ಹೆಂಗಸು ಕೇಳಿದಳು, "ಅಕ್ಕ, ಲಾರಿಯನ್ನು ನೀವು ಮೇಯಿಸ್ಲಿಕ್ಕೆ ಹೊಡ್ಕೊಂಡು ಹೋಗುವುದಾ?" ಸೈಕಲಿನವರು ದಾಟಿ ಹೋದರು. ನಡೆಯುವವರೂ ದಾಟಿ ಹೋದರು. ಶಾಲೆಯ ಮಕ್ಕಳು ಹಿಂದೆ ಸಾಲು ಕಟ್ಟಿ ಡೋಲು ಬಡಿಯುವವರಂತೆ ತಗಡು ಬಡಿದರು.

ಹೆದ್ದಾರಿ ದಾಟುವಲ್ಲಿ ನಾನು ಎರಡೂ ಕೈ ಚಾಚಿ ನಡುವೆ ನಿಂತೆ. ಉಡುಪಿ ಕಡೆಯಿಂದ ಬಂದ ಬಸ್ಸು ನನ್ನ ಮೊಣಕಾಲಿನ ಹತ್ತಿರ ಬಂದು ನಿಂತಿತು. ಕಂಡಕ್ಟರ್ ತಲೆ ಹೊರಗೆ ಹಾಕಿದ.

"ಅಮ್ಮಾ, ಸಾಯ್ಲಿಕ್ಕೆ ಬೇರೆ ಬಸ್ಸು ಸಿಗ್ಲಿಲ್ವಾ? ನಮ್ಮದು ಲೇಟಾಗಿದೆ!"

ಲಾರಿ ದಾಟುವವರೆಗೆ ನಾನು ಕದಲಲಿಲ್ಲ.

ದೀಪಸ್ತಂಭದ ಹತ್ತಿರ ಕಡಲ ಹೊಯಿಗೆ ಸುರುವಾಗಿ ಕಾಲು ಹೂಳುವಲ್ಲಿ ಕೈ ಎತ್ತಿದೆ. ಲಾರಿ ನಿಂತಿತು. ಕೂಗು ನಿಂತ ಮೇಲೆ ಸಮುದ್ರದ ಸದ್ದು ಕೇಳಿತು. ಇವರು ಸ್ಟೇರಿಂಗಿನಿಂದ ಕೈ ತೆಗೆಯದೆ, "ಬಂತಾ?" ಎಂದರು.

"ಬಂತು."

ಬ್ಯಾರಿಯವರು ಸೈಕಲಿನಲ್ಲಿ ನಮ್ಮ ಹಿಂದೆಯೇ ಬಂದಿದ್ದರು. ಇವರು ಇಳಿದು, ಅವರ ಸ್ವರ ಇದ್ದ ಕಡೆಗೆ ಕೈ ಚಾಚಿ, "ತಕೊಳ್ಳಿ. ಇಲ್ಲಿಂದಲೇ ಎತ್ತಿಕೊಂಡು ಹೋಗಿ" ಎಂದು ಬೀಗದ ಕೈ ಕೊಟ್ಟುಬಿಟ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನು ಅರೆದ ವಾಲ್ವುಗಳೂ ನನ್ನ ಬೆರಳಿನ ತುದಿಯೂ ಅದರಲ್ಲೇ ಇದ್ದವು. ಬ್ಯಾರಿಯವರು ಅಂದು ನಗಲಿಲ್ಲ. "ಅಕ್ಕ, ಕೊಡುವುದಾ?" ಎಂದು ನನ್ನನ್ನು ಕೇಳಿದರು. ಅವರಿಗೆ ದೇವರು ಒಳ್ಳೆಯದು ಮಾಡಲಿ. ಹೂಂ ಎಂದೆ. ಆ ವಾರದೊಳಗೆ ಲಾರಿಯನ್ನು ಗ್ಯಾಸಿನಲ್ಲಿ ಕತ್ತರಿಸಿ ತುಂಡು ಮಾಡಿದರಂತೆ. ಆ ವಾರದೊಳಗೆ ಇವರ ಎಡಗಣ್ಣೂ ಮುಚ್ಚಿತು.

ಆಮೇಲೆ ಇವರು ಬಹಳ ವರ್ಷ ಬದುಕಿದರು. ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಮನೆಗೆ ಬಂದವರು ಲಾರಿಯ ಸುದ್ದಿ ತೆಗೆಯದೆ ಇರುತ್ತಿರಲಿಲ್ಲ.

"ಅಂತೂ ಕಣ್ಣು ಹೋಗುವ ಮೊದಲು ಬಿಟ್ರಿ ಅಲ್ವಾ? ರಸ್ತೆ ಎಲ್ಲ ನೋಡಿದ್ರಿ ಅಲ್ವಾ?"

"ರಸ್ತೆಯಾ? ಎಲ್ಲಿಯ ರಸ್ತೆ? ಇಲ್ಲಿಂದ ಸಮುದ್ರದವರೆಗೆ ಇವಳ ಬೆನ್ನು. ಅದೂ ಅಂಥ ದಿನ ಕರಿ ಸೀರೆ ಉಟ್ಟುಕೊಂಡು ಬಂದಿದ್ದಳು, ದರಿದ್ರದವಳು."

ಮೊದಲ ಸಲ ಆ ಮಾತು ಕೇಳಿದಾಗ ನಾನು ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದೆ. ಅಂದು ನಾನು ಉಟ್ಟದ್ದು ಧಾರೆಯ ಕೆಂಪು ಸೀರೆ. ಅವರಿಗೆ ಚೆನ್ನಾಗಿ ಕಾಣಲಿ ಎಂದೇ ಪೆಟ್ಟಿಗೆಯ ಅಡಿಯಿಂದ ಹುಡುಕಿ ತೆಗೆದದ್ದು. ಹಾಗಾದರೆ ಅಂದೇ ಅವರಿಗೆ ಬಣ್ಣ ಕಾಣುತ್ತಿರಲಿಲ್ಲ. ಹಿಂದೆ ಶಾಲೆಯ ಮಕ್ಕಳಿದ್ದರು, ಹೆದ್ದಾರಿಯಲ್ಲಿ ತುಂಬಿದ ಬಸ್ಸು ಇತ್ತು. ಲೋಟವನ್ನು ಬಂದವರ ಎದುರು ಇಟ್ಟೆ.

"ಎಂತ, ಸುಳ್ಳಾ? ಹೇಳು ಅವರಿಗೆ" ಎಂದರು ಇವರು, ನನ್ನ ಕಡೆ ಮುಖ ತಿರುಗಿಸಿ.

"ಹೌದು, ಕರಿಯದೇ" ಎಂದೆ. "ಬೇರೆ ಒಗೆದದ್ದು ಇರಲಿಲ್ಲ."